ಟೆರಿಯರ್ ಸ್ಟೀಮ್ ಎಂಜಿನ್‌ನ ಮಾದರಿ ಮಾಡುವಾಗ ಯಾವ ಫೋಟೋ ನಂಬಬೇಕು?

1:76 ಅಳತೆಯಲ್ಲಿ ಟೆರಿಯರ್ ಟ್ಯಾಂಕ್ ಎಂಜಿನ್ (ನೀರಿನ ಟ್ಯಾಂಕನ್ನು ತನ್ನ ಮೈಮೇಲೇ ಹೊತ್ತ ಪುಟ್ಟ ಹಬೆ ಎಂಜಿನ್) ಮಾಡ್ತಿದ್ದೀರಿ. ಕೈಯಲ್ಲಿರುವ ಎರಡು ಫೋಟೋಗಳಲ್ಲಿ ಒಂದಕ್ಕೆ ಮೂತಿ ಗಿಡ್ಡ, ಇನ್ನೊಂದಕ್ಕೆ ಉದ್ದ. ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ. ಆದರೆ ಎರಡನ್ನೂ ಬೆರೆಸಿ ಒಂದೇ ಎಂಜಿನ್ ಮಾಡಬೇಡಿ. ಭಾಗಗಳನ್ನು ಕತ್ತರಿಸುವ ಮೊದಲು ಒಂದು ಇಸವಿ ಗೊತ್ತುಮಾಡಿಕೊಳ್ಳಿ.

ವಿಲಿಯಂ ಸ್ಟ್ರೌಡ್ಲಿ ಲಂಡನ್‌ನ ಲೋಕಲ್ ರೈಲುಗಳಿಗಾಗಿ ರೂಪಿಸಿದ ಎಂಜಿನ್ ಇದು. 1872ರಿಂದ 1880ರವರೆಗೆ ಬ್ರೈಟನ್ ವರ್ಕ್‌ಶಾಪ್‌ನಲ್ಲಿ 50 ತಯಾರಾದವು. ಇವು ಥೇಮ್ಸ್ ನದಿಯ ಕೆಳಗಿನ ಬ್ರೂನೆಲ್ ಸುರಂಗದಲ್ಲೂ ಓಡಬೇಕಿತ್ತು. ಅಲ್ಲಿ ಹಬೆ ತುಂಬಿಕೊಳ್ಳದಿರಲಿ ಅಂತ, ಸಿಲಿಂಡರಿನಿಂದ ಹೊರಬಂದ ಹಬೆಯನ್ನು ಪೈಪಿನಲ್ಲಿ ಪಕ್ಕದ ನೀರಿನ ಟ್ಯಾಂಕಿಗೆ ಬಿಡುತ್ತಿದ್ದರು. ನಿಮ್ಮ ಮೊದಲ ಫೋಟೋದಲ್ಲಿ ಸ್ಮೋಕ್‌ಬಾಕ್ಸ್‌ನಿಂದ (ಚಿಮಣಿಯ ಕೆಳಗಿನ ಹೊಗೆಪೆಟ್ಟಿಗೆ, ಎಂಜಿನ್‌ನ ಮೂತಿ ಅಂದದ್ದು ಇದನ್ನೇ) ಟ್ಯಾಂಕಿಗೆ ಹೋಗುವ ದಪ್ಪ ಪೈಪ್ ಕಾಣುತ್ತದಲ್ವಾ, ಅದೇ ಇದು. ಹಬೆಯಿಂದ ಟ್ಯಾಂಕಿನ ನೀರು ಬಿಸಿಯಾಗುತ್ತಿತ್ತು. ಬಿಸಿ ನೀರನ್ನು ಬಾಯ್ಲರಿಗೆ ತಳ್ಳಲು ಆ ಕಾಲದ ಇಂಜೆಕ್ಟರ್‌ಗೆ (ಹಬೆಯ ಬಲದಿಂದ ನೀರು ತಳ್ಳುವ ಸಾಧನ) ಕಷ್ಟ, ಅದಕ್ಕೇ ಸ್ಟ್ರೌಡ್ಲಿ ಪಂಪು ಇಟ್ಟರು. ಒಂದು ಪೈಪಿನ ಹಿಂದೆ ಇಷ್ಟೆಲ್ಲ ಲೆಕ್ಕಾಚಾರ ಇದೆ ಅಂತ ತಿಳಿದ ಮೇಲೆ, ನನಗೆ ಅದನ್ನು ಸುಮ್ನೆ ಒಂದು ತಂತಿ ಬಗ್ಗಿಸಿ ಅಂಟಿಸಲು ಮನಸ್ಸೇ ಬರುವುದಿಲ್ಲ.

1911ರಿಂದ ಇವುಗಳಲ್ಲಿ ಹಲವಕ್ಕೆ ಹೊಸ ಬಾಯ್ಲರ್ ಹಾಕಿದರು, ಸ್ಮೋಕ್‌ಬಾಕ್ಸ್ ಮುಂದಕ್ಕೆ ಉದ್ದವಾಯಿತು. ಮೂಲ ರೂಪ ಎ1, ಬದಲಾದದ್ದು ಎ1ಎಕ್ಸ್. ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಂನಲ್ಲಿರುವ 82ನೇ ನಂಬರಿನ ‘ಬಾಕ್ಸ್‌ಹಿಲ್’ ಎ1 ಆಗಿಯೇ ಉಳಿದ ಎಂಜಿನ್. ಗಿಡ್ಡ ಮೂತಿ ಬೇಕಿದ್ದರೆ ಅದರ ಫೋಟೋಗಳನ್ನೇ ನೋಡಿ.

ಜಾಸ್ತಿ ಜನ ಎಡವುವುದು ಬಣ್ಣದಲ್ಲಿ. ಚಿನ್ನದ ಛಾಯೆಯ ಆ ಕಾವಿಹಳದಿ ಸ್ಟ್ರೌಡ್ಲಿ ಕಾಲದ್ದು. ಅವರು ತೀರಿಕೊಂಡದ್ದು 1889ರಲ್ಲಿ. ಉದ್ದ ಮೂತಿ ಬರುವ ಹೊತ್ತಿಗೆ ಇವುಗಳನ್ನು ಓಡಿಸುತ್ತಿದ್ದ ರೈಲ್ವೆ ಕಂಪನಿಯ ಬಣ್ಣ ಕಡುಕಂದು ಆಗಿತ್ತು. ಹಾಗಾಗಿ ಉದ್ದ ಮೂತಿಯ ಹಳದಿ ಟೆರಿಯರ್ ಆ ಕಾಲದ ಲಂಡನ್‌ನಲ್ಲಿ ಓಡಲೇ ಇಲ್ಲ. ಅದು ಕಾಣಿಸಿದ್ದು ತುಂಬಾ ಆಮೇಲೆ. 1960ರಲ್ಲಿ ಹಳೆಯ ರೈಲುಗಳನ್ನು ಉಳಿಸಿ ಓಡಿಸುವ ಬ್ಲೂಬೆಲ್ ರೈಲ್ವೆ ಸೇರಿದ ‘ಸ್ಟೆಪ್ನಿ’ಯಂಥ ಎಂಜಿನ್‌ಗೆ ಹಳೆಯ ಬಣ್ಣ ಹೊಡೆದಾಗ. ಅದನ್ನೇ ಮಾಡಬೇಕು ಅನ್ನಿಸಿದರೆ ಖಂಡಿತ ಮಾಡಿ, ಆದರೆ ಅದರ ಹಿಂದೆ ವಿಕ್ಟೋರಿಯಾ ಕಾಲದ ಬೋಗಿ ಜೋಡಿಸಿ 1880 ಅಂತ ಬರೆಯಬೇಡಿ.

ನನ್ನನ್ನು ಕೇಳಿದರೆ, ಎ1ಎಕ್ಸ್‌ಗೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಲಿಂಗ್ ದ್ವೀಪದ ಶಾಖಾ ಲೈನೇ ಚೆಂದ. ಅಲ್ಲಿನ ಮರದ ಸೇತುವೆ ಭಾರದ ಎಂಜಿನ್‌ಗಳನ್ನು ತಾಳುತ್ತಿರಲಿಲ್ಲ. ಸುಮಾರು 28 ಟನ್ ತೂಗುವ ಟೆರಿಯರ್‌ಗಳೇ 1963ರಲ್ಲಿ ಆ ಲೈನು ಮುಚ್ಚುವವರೆಗೂ ದುಡಿದವು. ಬಣ್ಣ ಕಪ್ಪು, ಅದರ ಮೇಲೆ ಸಣ್ಣ ಗೆರೆಗಳು. ಕೆಲವಕ್ಕೆ ಚಿಮಣಿಯ ಮೇಲೆ ಕಿಡಿ ತಡೆಯುವ ಸಾಧನವೂ ಇತ್ತು. ಒಂದೊಂದು ಎಂಜಿನ್‌ನ ಕಲ್ಲಿದ್ದಲ ಬಂಕರ್ ಒಂದೊಂದು ಥರ, ಆದ್ದರಿಂದ ನಂಬರ್ ಹಿಡಿದೇ ಫೋಟೋ ಹುಡುಕಿ.

ಅಳತೆ ಸುಲಭ. ಒಂದು ಅಡಿಗೆ 4 ಮಿಲಿಮೀಟರ್. 4 ಅಡಿಯ ಚಕ್ರ 16 ಮಿ.ಮೀ., ಮೊದಲ ಮತ್ತು ಕೊನೆಯ ಅಚ್ಚಿನ ನಡುವಿನ 12 ಅಡಿ 48 ಮಿ.ಮೀ. ಇಡೀ ಎಂಜಿನ್ ಸುಮಾರು 104 ಮಿ.ಮೀ. ಅಂಗೈ ಮೇಲೆ ಕೂರುತ್ತದೆ. ಇಷ್ಟು ಪುಟ್ಟದ್ದಕ್ಕೆ ತೂಕ ಸಾಲದೆ ಚಕ್ರ ಜಾರುತ್ತದೆ. ಪಕ್ಕದ ಟ್ಯಾಂಕುಗಳೊಳಗೆ ಎಷ್ಟು ಹಿಡಿಸುತ್ತದೋ ಅಷ್ಟು ಸೀಸ ತುಂಬಿ.

ಹಳಿಯ ವಿಷಯವೂ ಈಗಲೇ ತೀರ್ಮಾನವಾಗಲಿ. ಈ ಅಳತೆಯ ಮಾದರಿಗಳಿಗೆ ಅಂಗಡಿಯಲ್ಲಿ ಸಿಗುವ, ‘ಓಓ’ ಅಂತ ಕರೆಯುವ ಹಳಿಯಲ್ಲಿ ಎರಡು ಕಂಬಿಗಳ ನಡುವಿನ ಅಂತರ 16.5 ಮಿ.ಮೀ., ಈ ಅಳತೆಗೆ ನಿಜವಾಗಿ ಬೇಕಾದ್ದು 18.83. ಮುಂದಿನಿಂದ ನೋಡಿದರೆ ಎಂಜಿನ್ ಕಾಲು ಕೂಡಿಸಿ ನಿಂತ ಹಾಗೆ ಕಾಣುತ್ತದೆ. ಓಡಿಸುವ ಆಸೆ ಇದ್ದರೆ 16.5 ಸಾಕು, ರೆಡಿ ಹಳಿ ಸಿಗುತ್ತದೆ. ಶೋಕೇಸ್‌ನಲ್ಲಿ ಇಡುವುದಾದರೆ 18.83ಕ್ಕೇ ಹೋಗಿ. ಅದಕ್ಕೆ ಅಚ್ಚುಗಳನ್ನು ಉದ್ದ ಮಾಡಬೇಕು, ಹಾಗಾಗಿ ಚಕ್ರ ಕೊಳ್ಳುವ ಮೊದಲೇ ಯೋಚಿಸಿ.