ಕ್ರೀಡೆಯಲ್ಲಿ ಉದ್ದೀಪನ ಮದ್ದು (ಡೋಪಿಂಗ್) ತಡೆಯುವ ಜಾಗತಿಕ ಸಂಸ್ಥೆ ವಾಡಾಗೆ ಅಮೆರಿಕ ದುಡ್ಡು ನಿಲ್ಲಿಸಿದೆ, ನಮ್ಮಲ್ಲೂ ಡೋಪಿಂಗ್ ಕಾನೂನು ತಿದ್ದಿದ್ದಾರೆ. ಇನ್ನಾದರೂ ಸಣ್ಣ ಓಟಗಾರರಿಗೆ ನ್ಯಾಯ ಸಿಗುತ್ತದಾ? ಕೋಚ್ ಕೊಟ್ಟ ಪೌಡರ್ ಧೈರ್ಯವಾಗಿ ತಗೋಬಹುದಾ?

ಇದು ನಿಮ್ಮ ಪ್ರಶ್ನೆ. ವಯಸ್ಸು ಹತ್ತೊಂಬತ್ತು ಅಂದಿದ್ದೀರಿ. ನನಗೆ ಆಗ ಇಪ್ಪತ್ತೊಂದು, 400 ಮೀಟರ್ ಓಡುತ್ತಿದ್ದೆ. ಪೌಡರ್ ಕೊಟ್ಟದ್ದು ಕೋಚ್ ಅಲ್ಲ, ಹಾಸ್ಟೆಲಿನ ಸೀನಿಯರ್. ಅಷ್ಟೇ ವ್ಯತ್ಯಾಸ.

2017ರಲ್ಲಿ ಒಂದು ಕೂಟದ ಫೈನಲ್ ಮುಗಿಯುತ್ತಲೇ ಪರೀಕ್ಷೆಗೆ ಕರೆದರು. ಓಡಿ ಮೈಯಲ್ಲಿ ನೀರೇ ಉಳಿದಿರಲಿಲ್ಲ. 90 ಮಿ.ಲೀ. ಮೂತ್ರ ಕೊಡಲು ಎರಡು ಗಂಟೆ ಹಿಡಿಯಿತು. ಎ, ಬಿ ಎಂಬ ಎರಡು ಗಾಜಿನ ಬಾಟಲಿಗೆ ನಾನೇ ಸುರಿದೆ. ಮುಚ್ಚಳ ತಿರುಗಿಸಿದರೆ ಕಟಕಟ ಅಂತ ಕಚ್ಚಿಕೊಳ್ಳುತ್ತದೆ, ಆಮೇಲೆ ಕೈಯಲ್ಲಿ ಬಿಚ್ಚಲು ಬರುವುದಿಲ್ಲ. ಕೊನೆಗೆ ಫಾರಂ. ಕಳೆದ ಏಳು ದಿನದಲ್ಲಿ ತಗೊಂಡ ಔಷಧಿ, ಸಪ್ಲಿಮೆಂಟ್ ಬರೆಯಿರಿ ಅಂತ ಅದರಲ್ಲೊಂದು ಜಾಗ. ನಾನು ‘ನಿಲ್’ ಅಂತ ಬರೆದು ಸಹಿ ಹಾಕಿದೆ.

ಯಾಕೆ ಹಾಗೆ ಬರೆದೆ ಎಂದು ಎಷ್ಟು ರಾತ್ರಿ ಯೋಚಿಸಿದ್ದೇನೋ ಲೆಕ್ಕವಿಲ್ಲ. ಸುಳ್ಳು ಹೇಳಬೇಕೆಂದಲ್ಲ. ಪೌಡರ್ ಅಂದರೆ ನನ್ನ ಮಟ್ಟಿಗೆ ಔಷಧಿಯೇ ಅಲ್ಲ, ಹಾಲಿಗೆ ಹಾಕಿಕೊಳ್ಳುವ ಪುಡಿ. ಅದರ ಉದ್ದ ಹೆಸರು ಪೂರ್ತಿ ನೆನಪಿರಲಿಲ್ಲ, ಸ್ಪೆಲಿಂಗ್ ತಪ್ಪಿದರೆ ಏನಂದುಕೊಳ್ಳುತ್ತಾರೋ ಎಂಬ ನಾಚಿಕೆ ಬೇರೆ. ಬರೆದರೆ ಸುಮ್ಮನೆ ಅನುಮಾನ ಬರುತ್ತೆ ಅಂತ ಸೀನಿಯರ್ ಮೊದಲೇ ಕಿವಿಯೂದಿದ್ದ. ರಾತ್ರಿ ಬಸ್ಸಿಗೂ ಹೊತ್ತಾಗುತ್ತಿತ್ತು. ಇಷ್ಟೇ ಕಾರಣ.

ಆಮೇಲೆ ಪತ್ರ ಬಂತು: ನನ್ನ ಮೂತ್ರದಲ್ಲಿ ಸ್ಟ್ಯಾನೊಜೊಲಾಲ್ ಎಂಬ ನಿಷೇಧಿತ ಸ್ಟೀರಾಯ್ಡ್ ಸಿಕ್ಕಿದೆ ಅಂತ. ಅರ್ಧ ಖಾಲಿಯಾದ ಡಬ್ಬಿ ಹಿಡಿದುಕೊಂಡು ವಿಚಾರಣೆಗೆ ಹೋದೆ, ಇದರಲ್ಲೇ ಬೆರೆತಿರಬೇಕು ಅಂದೆ. ಅವರು ನನ್ನ ಫಾರಂ ನನ್ನ ಮುಂದೆಯೇ ಇಟ್ಟರು. ಬಿಲ್ ಇರಲಿಲ್ಲ. ತೆರೆದ ಡಬ್ಬಿಗೆ ಯಾರು ಬೇಕಾದರೂ ಏನು ಬೇಕಾದರೂ ಬೆರೆಸಬಹುದಲ್ಲ? ಸಪ್ಲಿಮೆಂಟ್ ಹೆಸರನ್ನು ಫಾರಂನಲ್ಲಿ ಬರೆದಿದ್ದರೆ ಅದನ್ನು ಕ್ರೀಡಾಪಟುವಿನ ಪರವಾಗಿ ಪರಿಗಣಿಸಬೇಕೆಂದು ವಾಡಾ ಸಂಹಿತೆಯೇ ಹೇಳುತ್ತದೆ. ಕಲಬೆರಕೆ ಸಾಬೀತಾದರೆ ಶಿಕ್ಷೆ ಎರಡು ವರ್ಷಕ್ಕೋ, ಬರೀ ಎಚ್ಚರಿಕೆಗೋ ಇಳಿಯಬಹುದಿತ್ತು. ನನಗೆ ಪೂರ್ತಿ ನಾಲ್ಕು ವರ್ಷ ಬಿತ್ತು. ಇಪ್ಪತ್ತೊಂದರಿಂದ ಇಪ್ಪತ್ತೈದು, ಓಡುವ ವಯಸ್ಸೇ ಅದು.

ಇನ್ನು ಸುಧಾರಣೆಯ ಮಾತು. 2021ರಲ್ಲಿ ಚೀನಾದ 23 ಈಜುಗಾರರ ಮೈಯಲ್ಲಿ ಟ್ರೈಮೆಟಾಜಿಡಿನ್ ಎಂಬ ನಿಷೇಧಿತ ಹೃದಯದ ಮದ್ದು ಸಿಕ್ಕಿತು. ಅಲ್ಲಿನ ಅಧಿಕಾರಿಗಳು ಅವರು ಇಳಿದಿದ್ದ ಹೋಟೆಲಿನ ಅಡುಗೆಮನೆಯಲ್ಲಿ ಮಸಾಲೆ ಡಬ್ಬಿಯಿಂದ ಚರಂಡಿಯ ತನಕ ಹುಡುಕಿ, ಮದ್ದಿನ ಅಂಶ ಇಲ್ಲಿದೆ ಅಂದರು. ವಾಡಾ ಒಪ್ಪಿಕೊಂಡಿತು, ಒಬ್ಬರಿಗೂ ನಿಷೇಧವಾಗಲಿಲ್ಲ. 2024ರ ಏಪ್ರಿಲ್‌ನಲ್ಲಿ ಈ ಸುದ್ದಿ ಹೊರಬಿದ್ದ ದಿನ ನನಗೆ ಊಟ ಸೇರಲಿಲ್ಲ. ಅವರಿಗಾಗಿ ಒಂದು ಸರ್ಕಾರ ಚರಂಡಿ ಕೆದಕಿತು. ನನ್ನ ಡಬ್ಬಿಯನ್ನು ಲ್ಯಾಬಿಗೆ ಕಳಿಸಲು ನನ್ನಪ್ಪನ ಹತ್ತಿರ ದುಡ್ಡಿರಲಿಲ್ಲ.

ಆ ಪ್ರಕರಣದ ಬೆನ್ನಲ್ಲೇ ಅಮೆರಿಕ ತನ್ನ 2024ರ ವಂತಿಗೆ, 36 ಲಕ್ಷ ಡಾಲರಿಗೂ ಮೇಲ್ಪಟ್ಟದ್ದು, ತಡೆಹಿಡಿದದ್ದು. ವಾಡಾ ಲೆಕ್ಕ ಕೊಡಬೇಕು ಅನ್ನುವುದು ನ್ಯಾಯವೇ. ಆದರೆ ಅವರದೇ ದೊಡ್ಡ ಲೀಗ್‌ಗಳು, ಕಾಲೇಜು ಕ್ರೀಡೆಗಳು ಆ ಸಂಹಿತೆಯ ಹೊರಗೇ ಇವೆ, ಅದನ್ನೂ ಕೇಳಬೇಕು. ನಮ್ಮಲ್ಲಿ 2022ರ ಕಾಯ್ದೆ ಭಾರತದ ಡೋಪಿಂಗ್ ತಡೆ ಸಂಸ್ಥೆ ನಾಡಾದ ಮೇಲೊಂದು ರಾಷ್ಟ್ರೀಯ ಮಂಡಳಿ ಕೂರಿಸಿತ್ತು. ಸರ್ಕಾರ ಕೈಯಾಡಿಸಿದಂತಾಗುತ್ತದೆ ಎಂದು ವಾಡಾ ತಕರಾರು ತೆಗೆದ ಮೇಲೆ, 2025ರ ಆಗಸ್ಟ್‌ನಲ್ಲಿ ತಿದ್ದುಪಡಿ ಮಾಡಿ ನಾಡಾಕ್ಕೆ ಸ್ವಾಯತ್ತತೆ ಕೊಟ್ಟರು. ಒಳ್ಳೆಯದೇ ಆಯಿತು. ಆದರೆ ಇದೆಲ್ಲ ಬೇಲಿಯೇ ಹೊಲ ಮೇಯದಂತೆ ನೋಡಿಕೊಳ್ಳುವ ಕೆಲಸ. ಮೈಯಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ ಎಂಬ ನಿಯಮ ಇದ್ದ ಹಾಗೇ ಇದೆ. ಅದು ಇರಲೇಬೇಕು, ಇಲ್ಲದಿದ್ದರೆ ಕದ್ದು ತಿಂದವರೆಲ್ಲ ಪೌಡರಿನ ಕಥೆ ಹೇಳುತ್ತಾರೆ. ಸರ್ಕಾರಕ್ಕೆ ನಿಜವಾಗಿ ಸುಧಾರಿಸುವ ಮನಸ್ಸಿದ್ದರೆ ಬಡ ಹುಡುಗರ ಡಬ್ಬಿ ಪರೀಕ್ಷೆ ಮಾಡಿಸಲಿ, ಅವರಿಗೊಬ್ಬ ವಕೀಲರನ್ನು ಕೊಡಲಿ.

ಹಾಗಾಗಿ ಕಾನೂನು ಬದಲಾಯಿತೆಂದು ಧೈರ್ಯ ತಂದುಕೊಳ್ಳಬೇಡಿ. ಇನ್ನೂ ತಿಂದಿಲ್ಲದಿದ್ದರೆ ಪೌಡರ್ ಕೋಚ್‌ಗೆ ವಾಪಸ್ ಕೊಡಿ. ಮುದ್ದೆ, ಮೊಟ್ಟೆ, ಶೇಂಗಾ ತಿಂದು ಓಡಿ. ಈಗಾಗಲೇ ತಿಂದಿದ್ದರೆ ಡಬ್ಬಿ ವಾಪಸ್ ಕೊಡುವುದೂ ಬೇಡ, ಎಸೆಯುವುದೂ ಬೇಡ. ಬ್ಯಾಚ್ ನಂಬರ್ ಕಾಣುವಂತೆ ಇವತ್ತೇ ಫೋಟೊ ತೆಗೆಯಿರಿ, ಎಲ್ಲಿ ಕೊಂಡರೆಂದು ಕೇಳಿ ಬಿಲ್ ಇಸಿದುಕೊಳ್ಳಿ. ಆ ಫಾರಂ ನಿಮ್ಮ ಮುಂದೆ ಬಂದ ದಿನ ಕೆಮ್ಮಿನ ಸಿರಪ್ಪನ್ನೂ ಬಿಡದೆ ಬರೆಯಿರಿ. ಜಾಗ ಸಾಲದಿದ್ದರೆ ಇನ್ನೊಂದು ಹಾಳೆ ಕೇಳಿ. ಸ್ಪೆಲಿಂಗ್ ತಪ್ಪಾದರೆ ಆಗಲಿ, ಬಸ್ಸು ಹೋದರೆ ಹೋಗಲಿ.