ಮಗ್ಗುಲು ಬದಲಿಸಿದರೆ ಘರ್ಷಣೆಯ ಅಳತೆ ಬದಲಾಗುವುದೇಕೆ?

ಹಲಗೆಯ ಮೇಲೆ ಮರದ ತುಂಡನ್ನು ಸ್ಪ್ರಿಂಗ್ ತ್ರಾಸಿನಿಂದ ಎಳೆದು ಘರ್ಷಣೆ ಅಳೆಯುವಾಗ, ತಾಗುವ ಮಗ್ಗುಲು ಅಗಲವಿರಲಿ ಕಿರಿದಿರಲಿ ಅಳತೆ ಒಂದೇ ಎನ್ನುತ್ತದೆ ಪಠ್ಯಪುಸ್ತಕ. ಶಿರಸಿಯಲ್ಲಿ ನೀವು ಎಳೆದಾಗ ತುಂಡಿನ ಅಗಲ ಮಗ್ಗುಲಿಗೆ ಒಂದು ಅಳತೆ, ಕಿರಿದಾದ ಮಗ್ಗುಲಿಗೆ ಇನ್ನೊಂದು ಬರುತ್ತಿದ್ದರೆ ಪಠ್ಯಪುಸ್ತಕ ತಪ್ಪೆಂದಲ್ಲ. ಬಹುಶಃ ಆ ಎರಡು ಮಗ್ಗುಲುಗಳು ಒಂದೇ ತರಹ ಇಲ್ಲ. ಒಂದಕ್ಕೆ ಕೀಸುಳಿ ಹೊಡೆದಿರುತ್ತಾರೆ, ಇನ್ನೊಂದು ಗರಗಸದಲ್ಲಿ ಕೊಯ್ದಷ್ಟೇ ಒರಟಾಗಿರುತ್ತದೆ. ಶಿರಸಿಯ ಜುಲೈ ತಿಂಗಳ ತೇವವೂ ಕೈಜೋಡಿಸಿರಬಹುದು. ತುಂಡನ್ನು ನೋಡದೆ ಯಾವುದರ ಪಾಲು ಎಷ್ಟೆಂದು ಹೇಳಲಾರೆ.

ಮೊದಲು ತುಂಡನ್ನೂ ಹಲಗೆಯನ್ನೂ ಒಂದು ರಾತ್ರಿ ಬಚ್ಚಲೊಲೆಯ ಆಸುಪಾಸಿನಲ್ಲಿಟ್ಟು ಒಣಗಿಸಿ. ತೀರಾ ಹತ್ತಿರ ಬೇಡ, ಹಲಗೆ ಸೊಟ್ಟಗಾಗುತ್ತದೆ. ಆಮೇಲೆ ಎರಡೂ ಮಗ್ಗುಲಿಗೆ ಒಂದೇ ನೋಟ್‌ಬುಕ್ಕಿನ ಹಾಳೆ ಅಂಟಿಸಿ. ಸ್ಪ್ರಿಂಗ್ ತ್ರಾಸನ್ನು ಹಲಗೆಗೆ ಸಮಾನಾಂತರವಾಗಿಯೇ ಎಳೆಯಬೇಕು. ಓರೆಯಾಗಿ ಮೇಲಕ್ಕೆಳೆದರೆ ತುಂಡು ಹಲಗೆಯನ್ನು ಒತ್ತುವ ಬಲ ಕಡಿಮೆಯಾಗಿ ಘರ್ಷಣೆಯೂ ಇಳಿಯುತ್ತದೆ. ಮಕ್ಕಳು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ: ತುಂಡು ಹೊರಡುವ ಕ್ಷಣದ ಅಳತೆ ಸ್ಥಾಯಿ ಘರ್ಷಣೆಯದು, ಅದು ಸಾಮಾನ್ಯವಾಗಿ ಹೆಚ್ಚು. ತುಂಡು ಒಂದೇ ವೇಗದಲ್ಲಿ ಜಾರುತ್ತಿರುವಾಗಿನ ಅಂಕಿಯನ್ನು ಬರೆದುಕೊಳ್ಳಿ. ಐದು ಸಲ ಎಳೆದು ಸರಾಸರಿ ತೆಗೆಯಿರಿ.

ತುಂಡಿನ ಮೇಲೆ ಅದರಷ್ಟೇ ತೂಕವಿಟ್ಟಾಗ ಅಳತೆ ಹೆಚ್ಚುಕಡಿಮೆ ಇಮ್ಮಡಿಯಾದರೆ ಪ್ರಯೋಗ ಸರಿಯಾಗಿದೆ.

ತ್ರಾಸಿನ ಮೇಲೆಯೇ ಅನುಮಾನವಿದ್ದರೆ ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ. ತುಂಡು ಜಾರತೊಡಗಿದಾಗ ಎತ್ತರ 30 ಸೆಂ.ಮೀ., ನೆಲದ ಮೇಲಿನ ಅಡ್ಡ ಅಂತರ 75 ಸೆಂ.ಮೀ. ಇದ್ದರೆ ಸ್ಥಾಯಿ ಘರ್ಷಣಾ ಗುಣಾಂಕ (ಹೊರಡುವ ಕ್ಷಣದ ಘರ್ಷಣೆಯನ್ನು ಒತ್ತುವ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆ) 30/75, ಅಂದರೆ 0.4.