ಬಿಲ್ ಇದೆ, ಅಕ್ಷರ ಇಲ್ಲ: ವಾರಂಟಿ ಕೇಳೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾಪೋಕ್ಲು ಹತ್ತಿರ ನಮ್ಮ ಮನೆ. ಎರಡೂವರೆ ವರ್ಷದ ಹಿಂದೆ ಕಾಫಿ ದುಡ್ಡು ಬಂದಾಗ ಮಡಿಕೇರಿಯಲ್ಲಿ ಫ್ರಿಡ್ಜ್ ತಗೊಂಡೆವು. ಕಂಪ್ರೆಸರ್‌ಗೆ 10 ವರ್ಷ ವಾರಂಟಿ ಅಂದಿದ್ದರು. ಈಗ ತಂಪೇ ಆಗ್ತಿಲ್ಲ. ಸರ್ವಿಸ್‌ನವರು ಬಿಲ್ ಕೇಳುತ್ತಿದ್ದಾರೆ. ಬಿಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ತೆಗೆದು ನೋಡಿದರೆ ಅಂಗಡಿಯ ನೀಲಿ ಸೀಲು, ಸಹಿ ಬಿಟ್ಟರೆ ಏನೂ ಇಲ್ಲ, ಬರೀ ಬಿಳಿ ಕಾಗದ. ಏನು ಮಾಡಲಿ?

ಉತ್ತರ: ಮೊದಲು ಆ ಕಾಗದವನ್ನು ಎಸೆಯಬೇಡಿ. ಸೀಲು, ಸಹಿ ಇದೆಯಲ್ಲ, ಯಾವ ಅಂಗಡಿಯಲ್ಲಿ ತಗೊಂಡಿರಿ ಅನ್ನೋದಕ್ಕೆ ಅದು ಈಗಲೂ ಸಾಕ್ಷಿಯೇ.

ನೀವು ಜೋಪಾನ ಮಾಡಿದ್ದರಲ್ಲಿ ತಪ್ಪಿಲ್ಲ. ಆ ಕಾಗದದ ಗುಣವೇ ಹಾಗೆ. ಈಗಿನ ಬಿಲ್ ಮಿಷನ್‌ಗಳಲ್ಲಿ ಶಾಯಿ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಒಂದು ಲೇಪ ಕಾಗದದ ಮೇಲೆ ಇರುತ್ತದೆ, ಮಿಷನ್ ಬಿಸಿಯಿಂದಲೇ ಅಕ್ಷರ ಮೂಡಿಸುತ್ತದೆ. ಬಿಸಿಲು, ಕಾವು, ತೇವ, ಕೈಯ ಎಣ್ಣೆ ಜಿಡ್ಡು, ಎಲ್ಲವೂ ಈ ಅಕ್ಷರಕ್ಕೆ ಶತ್ರು. ಮೆತ್ತನೆಯ ಪ್ಲಾಸ್ಟಿಕ್ ಕವರಿನಿಂದ ಹೊರಬರುವ ರಾಸಾಯನಿಕವೂ ಅದನ್ನು ಅಳಿಸುತ್ತದೆ. ನಮ್ಮ ಕೊಡಗಿನ ಮಳೆಗಾಲ ಗೊತ್ತಲ್ಲ. ಕಕ್ಕಡ ಮಾಸದಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ. ಅಂಥದ್ದರಲ್ಲಿ ಎರಡು ಮಳೆಗಾಲ ಕಂಡ ಬಿಲ್ಲಿನಲ್ಲಿ ಅಕ್ಷರ ಉಳಿದರೆ ಅದೇ ದೊಡ್ಡದು.

ಒಮ್ಮೆ ಆ ಕಾಗದವನ್ನು ಕಿಟಕಿ ಬೆಳಕಿನಲ್ಲಿ ಇಟ್ಟು ಫೋಟೋ ತೆಗೆಯಿರಿ. ಫೋನಿನಲ್ಲೇ ಕಾಂಟ್ರಾಸ್ಟ್ ಪೂರ್ತಿ ಜಾಸ್ತಿ ಮಾಡಿ ನೋಡಿ. ಕಣ್ಣಿಗೆ ಕಾಣದ ತೆಳು ಅಕ್ಷರ ಕೆಲವೊಮ್ಮೆ ಹಾಗೆ ಕಾಣಿಸಿಕೊಳ್ಳುತ್ತದೆ. ಬಿಲ್ ನಂಬರು, ತಾರೀಕು ಇವೆರಡು ಸಿಕ್ಕರೂ ಅರ್ಧ ಕೆಲಸ ಆದಂತೆ.

ಸಿಗದಿದ್ದರೆ ಅಂಗಡಿಗೆ ಹೋಗಿ. ಬಿಲ್ಲಿನ ಪ್ರತಿ ನಿಮ್ಮ ಹತ್ತಿರ ಮಾತ್ರ ಇರೋದಲ್ಲ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಲೆಕ್ಕದ ದಾಖಲೆಗಳನ್ನು, ಆ ವರ್ಷದ ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ಎರಡೂವರೆ ವರ್ಷ ಅಂದರೆ ನಿನ್ನೆ ಮೊನ್ನೆಯ ಮಾತು. ಮೊಬೈಲ್ ನಂಬರ್ ಹಾಕಿ ಬಿಲ್ ಮಾಡಿದ್ದರೆ ಕಂಪ್ಯೂಟರ್‌ನಲ್ಲಿ ಐದು ನಿಮಿಷದಲ್ಲಿ ಸಿಗುತ್ತದೆ. "ಹಳೇದು ಸಿಗಲ್ಲ" ಅಂದರೆ ಸುಮ್ನೆ ವಾಪಸ್ ಬರಬೇಡಿ, ತಾರೀಕು ಹುಡುಕಿಕೊಂಡು ಮತ್ತೆ ಹೋಗಿ. ಡುಪ್ಲಿಕೇಟ್ ಕೊಟ್ಟಾಗ ಸೀಲು, ಸಹಿ ಹಾಕಿಸಿಕೊಳ್ಳಿ.

ತಾರೀಕು ಹುಡುಕೋದು ಹೇಗೆ? ಕಾರ್ಡಲ್ಲೋ ಯುಪಿಐನಲ್ಲೋ ಕೊಟ್ಟಿದ್ದರೆ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇರುತ್ತದೆ. ಕಂತಿನಲ್ಲಿ ತಗೊಂಡಿದ್ದರೆ ಇನ್ನೂ ಒಳ್ಳೇದು, ಸಾಲ ಕೊಟ್ಟ ಫೈನಾನ್ಸ್‌ನವರನ್ನು ಬಿಲ್ಲಿನ ಪ್ರತಿ ಕೇಳಬಹುದು. ನಗದು ಕೊಟ್ಟಿದ್ದೀರಾ? ಫ್ರಿಡ್ಜ್ ಮನೆಗೆ ಬಂದ ದಿನ ಮಕ್ಕಳು ತೆಗೆದ ಫೋಟೋ ಫೋನಿನಲ್ಲಿ ಇದೆಯಾ ನೋಡಿ, ಅದರಲ್ಲಿ ತಾರೀಕು ಇರುತ್ತದೆ. ಕಂಪನಿಯಿಂದ ಬಂದ ಹಳೆಯ ಮೆಸೇಜುಗಳನ್ನೂ ಹುಡುಕಿ. ಇವು ಒಂದೊಂದೇ ಸಾಲದಿರಬಹುದು, ಒಟ್ಟಿಗೆ ಇಟ್ಟರೆ ತೂಕ ಬರುತ್ತದೆ.

ಇನ್ನೊಂದು ಕೆಲಸ. ಫ್ರಿಡ್ಜ್ ಬಾಗಿಲು ತೆಗೆದು ತರಕಾರಿ ಟ್ರೇ ಪಕ್ಕ, ಒಳಗೋಡೆಯ ಮೇಲೆ ನೋಡಿ. ಅಲ್ಲಿ ಇಲ್ಲದಿದ್ದರೆ ಹಿಂಬದಿಯಲ್ಲಿ. ಮಾಡೆಲ್, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಸಿಗುತ್ತದೆ. ಅದು ಯಾವಾಗ ತಯಾರಾದದ್ದು ಅಂತ ಆ ನಂಬರಿನಿಂದ ಕಂಪನಿಗೆ ಗೊತ್ತಾಗುತ್ತದೆ. ಬಿಲ್ ಇಲ್ಲದಿದ್ದರೆ ತಯಾರಾದ ತಿಂಗಳಿಂದಲೇ ವಾರಂಟಿ ಲೆಕ್ಕ ಹಾಕಲು ಕೆಲವು ಕಂಪನಿಗಳು ಒಪ್ಪುತ್ತವೆ. ನಿಮ್ಮದು 10 ವರ್ಷದ ವಾರಂಟಿ ಆದ್ದರಿಂದ, ಹಾಗೆ ಲೆಕ್ಕ ಹಾಕಿದರೂ ನಿಮಗೆ ನಷ್ಟ ಇಲ್ಲ. ಇದನ್ನು ಬಾಯಿಬಿಟ್ಟು ಕೇಳಿ.

ಒಂದು ಮಾತು ಮೊದಲೇ ತಿಳಿದಿರಲಿ. 10 ವರ್ಷ ಅನ್ನೋದು ಸಾಮಾನ್ಯವಾಗಿ ಕಂಪ್ರೆಸರ್ ಅನ್ನೋ ಭಾಗಕ್ಕೆ ಮಾತ್ರ. ಗ್ಯಾಸ್ ತುಂಬಿಸೋದು, ಕೂಲಿ, ಸಾಗಿಸುವ ಖರ್ಚು ಹೆಚ್ಚಾಗಿ ನಿಮ್ಮದೇ. ಅದೂ ಅಲ್ಲದೆ ತಂಪಾಗದೇ ಇರೋದಕ್ಕೆ ಕಂಪ್ರೆಸರೇ ಕಾರಣ ಆಗಬೇಕೆಂದಿಲ್ಲ. ದೋಷ ಏನು ಅಂತ ಸರ್ವಿಸ್‌ನವರು ಕೊಡುವ ಜಾಬ್ ಶೀಟ್‌ನಲ್ಲಿ ಬರೆಸಿಕೊಳ್ಳಿ.

ಇಷ್ಟೆಲ್ಲ ಕೊಟ್ಟರೂ ಒಪ್ಪದಿದ್ದರೆ, "ಆಗಲ್ಲ" ಅನ್ನೋದನ್ನು ಇಮೇಲಿನಲ್ಲಿ ಕೇಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಅಲ್ಲೂ ಬಗೆಹರಿಯದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಎಲ್ಲಿದೆಯೋ ಅಲ್ಲಿಗೆ ಅಲೆಯಬೇಕಾಗಿಲ್ಲ. ವಸ್ತುವಿಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಲೂ ಇಲ್ಲ. ಆದರೆ ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ಹೋಗಬೇಕು.

ಪ್ರಶ್ನೆ: ಗೋಣಿಕೊಪ್ಪದವನು ನಾನು. ಇನ್ವರ್ಟರ್‌ಗೆ ಹೊಸ ಬ್ಯಾಟರಿ ಹಾಕಿಸಬೇಕು. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ, ವಾರಂಟಿ ಕಾರ್ಡ್ ಕೊಡ್ತೀನಿ" ಅಂತಾರೆ ಅಂಗಡಿಯವರು. ತಗೊಳ್ಳಬಹುದಾ?

ಉತ್ತರ: ಬೇಡ. ಬ್ಯಾಟರಿಯಲ್ಲಂತೂ ಖಂಡಿತ ಬೇಡ. ಬ್ಯಾಟರಿ ವಾರಂಟಿ ಹೆಚ್ಚಾಗಿ ಎರಡು ಭಾಗದಲ್ಲಿ ಇರುತ್ತದೆ. ಮೊದಲ ಇಂತಿಷ್ಟು ತಿಂಗಳು ಪೂರ್ತಿ ಉಚಿತ ಬದಲಾವಣೆ. ಆಮೇಲಿನ ತಿಂಗಳುಗಳಲ್ಲಿ ಹೊಸ ಬ್ಯಾಟರಿಗೆ ಬರೀ ರಿಯಾಯಿತಿ. ಹಾಗಾಗಿ ತಗೊಂಡ ತಾರೀಕಿನಲ್ಲಿ ಒಂದು ತಿಂಗಳು ಆಚೀಚೆ ಆದರೂ ಸಾವಿರಾರು ರೂಪಾಯಿಯ ವ್ಯತ್ಯಾಸ. ಕಾರ್ಡಿನಲ್ಲಿ ಪೆನ್ನಿನಿಂದ ಬರೆದ ತಾರೀಕನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸೋದು ಬಿಲ್ಲು. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋಗುವ ಊರು ನಮ್ಮದು. ಬ್ಯಾಟರಿ ಕೈಕೊಟ್ಟರೆ ಮನೆಯೇ ಕತ್ತಲು ಅಲ್ವಾ?

ಗ್ರಾಹಕರಿಗೆ ಬಿಲ್ ಕೊಡದಿರೋದು 2019ರ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಎಸ್ಟಿಮೇಟ್ ಅಂತ ಬರೆದ ಬಿಳಿ ಚೀಟಿ ಬಿಲ್ಲಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಅಂಗಡಿಯ 15 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಕರ್ನಾಟಕದ ಅಂಗಡಿಯಾದರೆ ಅದು 29ರಿಂದ ಶುರುವಾಗುತ್ತದೆ. ಬ್ಯಾಟರಿಯ ಮೇಲಿರುವ ಸೀರಿಯಲ್ ನಂಬರನ್ನು ಬಿಲ್ಲಿನಲ್ಲೂ ಕಾರ್ಡಿನಲ್ಲೂ ಬರೆಸಿ, ಅಂಗಡಿಯಲ್ಲೇ ನಿಂತು ಮೂರನ್ನೂ ಹೋಲಿಸಿ ನೋಡಿ. ಒಂದು ಅಂಕಿ ತಪ್ಪಾಗಿದ್ದಕ್ಕೆ ನಾನೇ ಒಮ್ಮೆ ಮೂರು ವಾರ ಅಲೆದಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ಬಿಲ್ಲುಗಳಿಗೆ ಲ್ಯಾಮಿನೇಷನ್ ಮಾಡಿಸಿ ಇಟ್ಟರೆ ಆಗುತ್ತಾ? ನಮ್ಮದು ಸೋಮವಾರಪೇಟೆ.

ಉತ್ತರ: ಮಿಷನ್ ಬಿಲ್ಲಿಗೆ ಮಾಡಿಸಲೇಬೇಡಿ. ಲ್ಯಾಮಿನೇಷನ್ ಬಿಸಿಗೆ ಇಡೀ ಕಾಗದ ಕಪ್ಪಾಗುತ್ತದೆ. ಯಾವ ಕಾಗದ ಅಂತ ಅನುಮಾನ ಇದ್ದರೆ ಖಾಲಿ ಅಂಚಿನಲ್ಲಿ ಉಗುರಿನಿಂದ ಜೋರಾಗಿ ಗೀಚಿ. ಕಪ್ಪು ಗೆರೆ ಮೂಡಿದರೆ ಅದು ಬಿಸಿಯಿಂದ ಅಚ್ಚಾಗುವ ಕಾಗದ.

ತಗೊಂಡ ದಿನವೇ ಒಂದು ಜೆರಾಕ್ಸ್ ಮಾಡಿಸಿ. ಜೆರಾಕ್ಸ್ ಅಕ್ಷರ ಹೀಗೆ ಮಾಸುವುದಿಲ್ಲ. ಮೂಲ ಬಿಲ್ಲು, ಜೆರಾಕ್ಸ್, ವಾರಂಟಿ ಕಾರ್ಡ್ ಮೂರನ್ನೂ ಸಾದಾ ಕಾಗದದ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಡಿ. ತೇವಕ್ಕೆ ಅಂತ ಬೀರುವಿನಲ್ಲಿ ಬಲ್ಬ್ ಉರಿಸುವವರು ಅದರ ಹತ್ತಿರ ಇಡಬೇಡಿ. ಫ್ರಿಡ್ಜ್ ಮೇಲೆ, ಒಲೆ ಹತ್ತಿರದ ಶೆಲ್ಫಿನಲ್ಲಿ ಬೇಡವೇ ಬೇಡ. ಆಮೇಲೆ ಒಂದು ಫೋಟೋ ತೆಗೆದು ನಿಮ್ಮದೇ ಇಮೇಲಿಗೆ ಕಳಿಸಿ, ವಿಷಯದ ಜಾಗದಲ್ಲಿ "ಮಿಕ್ಸಿ ಬಿಲ್" ಅಂತ ಬರೆಯಿರಿ. ಫೋನ್ ಕೆಟ್ಟರೂ ಅದು ಉಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಮನೆಗಳು ಕಾಗದಪತ್ರದ ಸಮೇತ ಹೋದವು. ಮನೆಯ ಹೊರಗೆ ಒಂದು ಪ್ರತಿ ಇರಲಿ ಅಂತ ನಾನು ಹೇಳೋದು ಆ ದಿನಗಳನ್ನು ನೋಡಿಯೇ.

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗ ಆನ್‌ಲೈನ್‌ನಲ್ಲಿ ವಾಷಿಂಗ್ ಮಷಿನ್ ಕಳಿಸಿದ್ದಾನೆ. ಬಿಲ್ ಅವನ ಹೆಸರಿನಲ್ಲಿದೆ. ಕುಶಾಲನಗರದಲ್ಲಿ ನಾನು ವಾರಂಟಿ ಕೇಳಬಹುದಾ?

ಉತ್ತರ: ಕೇಳಬಹುದು ಅಮ್ಮಾ. ಕೊಂಡವರ ಒಪ್ಪಿಗೆಯಿಂದ ವಸ್ತು ಬಳಸುವವರೂ ಕಾಯ್ದೆಯಲ್ಲಿ ಗ್ರಾಹಕರೇ. ಮಗನಿಗೆ ಹೇಳಿ ಆರ್ಡರ್ ಪುಟದಿಂದ ಬಿಲ್ಲನ್ನು ಈಗಲೇ ಇಳಿಸಿಕೊಂಡು ನಿಮಗೆ ಕಳಿಸಲಿ. ಸರ್ವಿಸ್‌ನವರು ಬಂದಾಗ ಅವನ ಮೊಬೈಲ್‌ಗೆ ಓಟಿಪಿ ಹೋಗಬಹುದು, ಆ ದಿನ ಅವನು ಫೋನಿಗೆ ಸಿಗುವಂತಿರಲಿ.